ತರಂಗಂಬಾಡಿ: ಚೋಳಮಂಡಲ ತೀರದ ಒಂದು ಡೇನಿಷ್ ಊರು

ಚೆನ್ನೈಯಿಂದ ದಕ್ಷಿಣಕ್ಕೆ ಕಡಲ ಮಗ್ಗುಲ ಹಾದಿಯನ್ನು ಹಿಡಿದು ಪುದುಚೇರಿ, ಕಡಲೂರು, ಚಿದಂಬರಗಳನ್ನು ದಾಟಿ ಸುಮಾರು ೨೮೦ ಕಿಲೋಮೀಟರು ಸಾಗಿದರೆ, ಕಾರೈಕಾಲಿಗೆ ತುಸು ಉತ್ತರದಲ್ಲಿ ತರಂಗಂಬಾಡಿ ಎಂಬ ಚಿಕ್ಕ ಊರು ಸಿಗುತ್ತದೆ. ಹಿಂದೆ ತಂಜಾವೂರು ಜಿಲ್ಲೆಗೂ ಅನಂತರ ನಾಗಪಟ್ಟಣಂ ಜಿಲ್ಲೆಗೂ ಸೇರಿದ್ದ ಈ ಊರು ೨೦೨೦ರಲ್ಲಿ ರಚಿತವಾದ ಮೈಲಾಡುದುರೈ ಜಿಲ್ಲೆಯಲ್ಲಿದೆ. ಹಳೆಯ ಪೇಟೆಯ ಭಾಗವನ್ನು ಕಾಲ್ನಡಿಗೆಯಲ್ಲಿಯೇ ಸುತ್ತಿ ಬರಬಹುದು. ಆದರೆ ೧೬೨೦ರಿಂದ ೧೮೪೫ರವರೆಗೆ, ಅಂದರೆ ಎರಡು ಶತಮಾನಗಳಿಗೂ ಮಿಕ್ಕ ಕಾಲ, ಈ ಊರು ಡೆನ್ಮಾರ್ಕಿನ ಅರಸರ ಅಧೀನದಲ್ಲಿತ್ತು. ಡೇನರು ಇದನ್ನು ಟ್ರಾಂಕೆಬಾರ್ ಎಂದು ಕರೆದರು.

ಇಂಥ ಊರೊಂದನ್ನು ಕನ್ನಡ ವಿಭಾಗದ ಸ್ಮರಣ ಸಂಪುಟದಲ್ಲಿ ಪರಿಚಯಿಸುವ ಔಚಿತ್ಯವೇನು ಎಂಬ ಪ್ರಶ್ನೆ ಸಹಜವಾದುದು. ಭಾಷೆಯೊಂದರ ಚರಿತ್ರೆ ಅದನ್ನಾಡುವ ನಾಡಿನ ಎಲ್ಲೆಯೊಳಗೇ ನಡೆಯುತ್ತದೆಂದು ನಾವು ಬಹುಮಟ್ಟಿಗೆ ನಂಬಿದ್ದೇವೆ. ಈ ನಂಬಿಕೆ ಪೂರ್ತಿ ಸರಿಯಲ್ಲವೆಂಬುದನ್ನು ತರಂಗಂಬಾಡಿಯ ಕಲ್ಲು ಮತ್ತು ಅಕ್ಷರಗಳೆರಡೂ ತೋರಿಸಿಕೊಡುತ್ತವೆ. ಪ್ರಸ್ತುತ ಲೇಖನದಲ್ಲಿ ಮೊದಲು ಊರಿನ ಮುಖ್ಯ ಕುರುಹುಗಳನ್ನು ವಿವರಿಸಿ, ಅನಂತರ ಅವುಗಳಿಗೂ ಕನ್ನಡಕ್ಕೂ ಇರುವ ನಂಟನ್ನು ಪರಿಶೀಲಿಸಲಾಗಿದೆ.

ಹೆಸರು ಮತ್ತು ಹಳೆಯ ಗುಡಿ

ತರಂಗಂಬಾಡಿ ಎಂಬುದಕ್ಕೆ 'ಅಲೆಗಳು ಹಾಡುವ ಊರು' ಎಂದು ಅರ್ಥ ಹೇಳುವುದು ವಾಡಿಕೆ. ಕಿವಿಗೆ ಇಂಪಾದ ಈ ನಿಷ್ಪತ್ತಿಯನ್ನು ಪ್ರವಾಸಿ ಕೈಪಿಡಿಗಳು ಮತ್ತೆ ಮತ್ತೆ ಬಳಸಿಕೊಂಡಿವೆ. ಆದರೆ ಹೆಸರಿನ ಉತ್ತರಪದವಾದ 'ಪಾಡಿ'ಯನ್ನು ಹಾಡುವ ಕ್ರಿಯೆಗೆ ಜೋಡಿಸಬೇಕಾದ ಅಗತ್ಯವಿಲ್ಲ. ತಮಿಳಿನಲ್ಲಿ ಪಾಡಿ ಎಂದರೆ ಊರು, ಹಳ್ಳಿ, ದನಗಾಹಿಗಳ ನೆಲೆ ಎಂದರ್ಥ. ಕನ್ನಡದ ಪಾಡಿ, ಹಾಡಿಗಳು ಇದರ ಜ್ಞಾತಿಪದಗಳು. ಕೊಡಗು ಮತ್ತು ಹೆಗ್ಗಡದೇವನಕೋಟೆಯ ಕಡೆಗಳಲ್ಲಿ ಕಾಡಂಚಿನ ಜನವಸತಿಗಳನ್ನು ಇಂದಿಗೂ ಹಾಡಿಯೆಂದೇ ಕರೆಯುತ್ತಾರೆ. ಹದಿನಾಲ್ಕನೆಯ ಶತಮಾನದ ಆದಿಭಾಗದ, ಪಾಂಡ್ಯ ಮಾರವರ್ಮ ಕುಲಶೇಖರನ ಕಾಲದ ಶಾಸನ ಈ ಊರನ್ನು ಸಡಂಗನ್‌ಪಾಡಿ ಎಂದೂ ಕುಲಶೇಖರನ್‌ಪಟ್ಟಿನಂ ಎಂದೂ ಹೆಸರಿಸುತ್ತದೆ. ಎಂದ ಮೇಲೆ 'ತರಂಗ' ಎಂಬ ಪೂರ್ವಪದ ತರುವಾಯ ಬಂದುದು. ಬದಲಾಗದೆ ಉಳಿದಿರುವುದು 'ಪಾಡಿ' ಮಾತ್ರ. ಹಳೆಯ ಹೆಸರಿನ ಅರ್ಥ ಮರೆತಾಗ ಜನರು ಕಣ್ಣೆದುರಿನ ಕಡಲನ್ನೇ ಹೆಸರಿನೊಳಕ್ಕೆ ತಂದುಕೊಂಡರೆಂದು ತೋರುತ್ತದೆ. ಜನಪದ ನಿಷ್ಪತ್ತಿಗೆ ಇದೊಂದು ಒಳ್ಳೆಯ ನಿದರ್ಶನ.

ಈ ಶಾಸನವಿರುವುದು ಊರಿನ ಅತ್ಯಂತ ಪ್ರಾಚೀನ ಕಟ್ಟಡವಾದ ಮಾಸಿಲಾಮಣಿನಾಥರ ಗುಡಿಯಲ್ಲಿ. ಮಾಸಿಲಾಮಣಿಯೆಂದರೆ ಕಳಂಕವಿಲ್ಲದ ಮಣಿ. ಮಾಸು ಎಂಬ ಧಾತು ಕನ್ನಡಕ್ಕೂ ಸಮಾನವಾದುದರಿಂದ 'ಮಾಸದ ಮಣಿ' ಎಂದು ನಾವು ಯಾವ ಕಷ್ಟವೂ ಇಲ್ಲದೆ ಅರ್ಥಮಾಡಿಕೊಳ್ಳಬಲ್ಲೆವು. ಈ ಶಿವಾಲಯ ನೀರಿನ ಅಂಚಿನಲ್ಲಿಯೇ ಇದೆ. ಶತಮಾನಗಳಿಂದ ಒಳನುಗ್ಗುತ್ತಿರುವ ಕಡಲು ಇದರ ಮುಂಭಾಗವನ್ನು ನುಂಗಿಹಾಕಿದೆ. ಉಳಿದ ಭಾಗವನ್ನು ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರಗೊಳಿಸಲಾಗಿದೆ. ಯುರೋಪಿನವರು ಬರುವ ಮುನ್ನೂರು ವರ್ಷ ಮೊದಲೇ ಇಲ್ಲಿ ಹೆಸರುಳ್ಳ ಪಟ್ಟಣವೊಂದಿತ್ತು ಎಂಬುದಕ್ಕೆ ಈ ಗುಡಿಯೇ ಸಾಕ್ಷಿ. ಡೇನಿಷ್ ಊರು ಬರಿದಾದ ಮರಳಿನ ಮೇಲೆ ಎದ್ದುದಲ್ಲ.

ಡಾನ್ಸ್‌ಬೋರ್ಗ್ ಕೋಟೆ

ಡೆನ್ಮಾರ್ಕಿನ ನಾಲ್ಕನೆಯ ಕ್ರಿಶ್ಚಿಯನ್ ದೊರೆಯ ಆಶ್ರಯದಲ್ಲಿ ಅಲ್ಲಿನ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದುದು ೧೬೧೬ರಲ್ಲಿ. ಅದು ಕಳುಹಿಸಿದ ಹಡಗುಗಳ ನಾಯಕ ಓವೆ ಗೆಡ್ಡೆ ೧೬೧೮ರಲ್ಲಿ ಕೋಪನ್‌ಹೇಗನ್ನಿನಿಂದ ಹೊರಟು, ಸಿಂಹಳದಲ್ಲಿ ಕಾಲೂರುವ ಪ್ರಯತ್ನ ಫಲಿಸದಿರಲು ಚೋಳಮಂಡಲ ತೀರಕ್ಕೆ ಬಂದನು. ೧೬೨೦ರ ನವೆಂಬರಿನಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದವಾಗಿ, ತರಂಗಂಬಾಡಿಯಲ್ಲಿ ಕೋಟೆ ಕಟ್ಟುವ ಹಾಗೂ ಮೆಣಸು ಮೊದಲಾದ ಸರಕುಗಳ ವ್ಯಾಪಾರ ನಡೆಸುವ ಅಧಿಕಾರ ಡೇನರಿಗೆ ದೊರೆಯಿತು. ರಘುನಾಥನು ಡೆನ್ಮಾರ್ಕಿನ ಅರಸನಿಗೆ ಚಿನ್ನದ ಹಾಳೆಯ ಮೇಲೆ ಬರೆಸಿ ಕಳುಹಿಸಿದ ಪತ್ರ ಕೋಪನ್‌ಹೇಗನ್ನಿನ ಪತ್ರಾಗಾರದಲ್ಲಿ ಇಂದಿಗೂ ಇದೆ.

ರಘುನಾಥ ನಾಯಕ ಸ್ವತಃ ತೆಲುಗು ಕವಿ, ಸಂಗೀತಜ್ಞ. ಅವನ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮನೆಮಾತಿನ ಬ್ರಾಹ್ಮಣ ಮನೆತನದವರೆಂಬುದು ಪರಂಪರೆಯಿಂದ ಬಂದ ಹೇಳಿಕೆ. ಎಪ್ಪತ್ತೆರಡು ಮೇಳಗಳ ವ್ಯವಸ್ಥೆಯನ್ನು ನಿರೂಪಿಸಿದ 'ಚತುರ್ದಂಡೀಪ್ರಕಾಶಿಕೆ'ಯ ಕರ್ತೃ ವೆಂಕಟಮಖಿ ಇವರ ಮಗ. ತಮಿಳು ನೆಲ, ತೆಲುಗು ಅರಸು, ಕನ್ನಡ ಮೂಲದ ಮಂತ್ರಿ, ಅವರ ನಡುವೆ ಡೇನಿಷ್ ವ್ಯಾಪಾರಿ: ಹದಿನೇಳನೆಯ ಶತಮಾನದ ಈ ತೀರ ಇಂಥ ಬಹುಭಾಷೆಯ ಲೋಕವಾಗಿತ್ತು.

ಕಡಲಿಗೆ ಮುಖ ಮಾಡಿ ನಿಂತಿರುವ ಡಾನ್ಸ್‌ಬೋರ್ಗ್ ಕೋಟೆ ಎರಡು ಅಂತಸ್ತಿನದು. ಕೆಳಗಿನ ಅಂತಸ್ತಿನಲ್ಲಿ ಉಗ್ರಾಣ, ಸೆರೆಮನೆ, ಸಿಪಾಯಿಗಳ ಕೊಠಡಿಗಳಿದ್ದವು. ಮೇಲಂತಸ್ತಿನಲ್ಲಿ ಅಧಿಕಾರಿಗಳ ವಾಸ. ಒಂಟೆಯ ಡುಬ್ಬದಂತೆ ಉಬ್ಬಿಕೊಂಡಿರುವ ಕಮಾನು ಚಾವಣಿಗಳು ಇಲ್ಲಿನ ವಾಸ್ತುವಿನ ವಿಶೇಷ. ವ್ಯಾಪಾರ ಮತ್ತು ಕಾವಲು ಎರಡನ್ನೂ ಒಂದೇ ಕಟ್ಟಡಕ್ಕೆ ಹೊಂದಿಸಿಕೊಂಡ ಈ ರಚನೆ, ಡೇನರ ಬಲ ಎಷ್ಟು ಮಿತವಾದುದಾಗಿತ್ತೆಂಬುದನ್ನೂ ಸೂಚಿಸುತ್ತದೆ. ತಮಿಳುನಾಡು ಸರ್ಕಾರದ ಪುರಾತತ್ತ್ವ ಇಲಾಖೆ ೧೯೭೦ರ ದಶಕದ ಕೊನೆಯಲ್ಲಿ ಕೋಟೆಯನ್ನು ತನ್ನ ರಕ್ಷಣೆಗೆ ತೆಗೆದುಕೊಂಡು ಇಲ್ಲಿ ವಸ್ತುಸಂಗ್ರಹಾಲಯವನ್ನು ತೆರೆಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಟ್ರಾಂಕೆಬಾರ್ ಸಂಘದ ನೆರವಿನಿಂದ ದುರಸ್ತಿಯ ಕೆಲಸವೂ ನಡೆಯಿತು.

ಹೆಬ್ಬಾಗಿಲು ಮತ್ತು ಅರಸನ ಬೀದಿ

ಪಶ್ಚಿಮದಿಂದ ಹಳೆಯ ಪೇಟೆಯನ್ನು ಪ್ರವೇಶಿಸುವವರಿಗೆ ಮೊದಲು ಎದುರಾಗುವುದು ಸುಣ್ಣ ಬಳಿದ ಹೆಬ್ಬಾಗಿಲು. ಇದನ್ನು ಡೇನಿಷ್ ಭಾಷೆಯಲ್ಲಿ ಲಾಂಡ್‌ಪೋರ್ಟೆನ್, ಅಂದರೆ ನೆಲದ ಬಾಗಿಲು, ಎಂದು ಕರೆಯುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಪೇಟೆಯ ಸುತ್ತ ಕೋಟೆಗೋಡೆ ಎದ್ದಾಗ ಇದ್ದ ಬಾಗಿಲಿನ ಸ್ಥಾನದಲ್ಲಿ ಈಗಿರುವುದನ್ನು ೧೭೯೨ರಲ್ಲಿ ಕಟ್ಟಲಾಯಿತು. ಇದರ ಮೇಲೆ ಡೇನಿಷ್ ರಾಜಮುದ್ರೆಯಿದೆ. ಗೋಡೆಯ ಬಹುಭಾಗ ಅಳಿದುಹೋಗಿ ಬಾಗಿಲು ಮಾತ್ರ ನಿಂತಿರುವುದರಿಂದ, ಅದು ಯಾವುದನ್ನು ಕಾಯುತ್ತಿತ್ತೆಂಬುದನ್ನು ನೋಡುವವರು ಊಹಿಸಿಕೊಳ್ಳಬೇಕಾಗುತ್ತದೆ.

ಈ ಬಾಗಿಲಿನಿಂದ ಕಡಲವರೆಗೆ ನೇರವಾಗಿ ಸಾಗುವುದು ಅರಸನ ಬೀದಿ. ಇದರ ಇಕ್ಕೆಲಗಳಲ್ಲಿ ಎರಡು ಪ್ರಾರ್ಥನಾಮಂದಿರಗಳಿವೆ. ಒಂದು, ೧೭೦೧ರಲ್ಲಿ ಕಟ್ಟಿದ ಸೀಯೋನ್ ದೇವಾಲಯ. ಕಂಪನಿಯ ಯುರೋಪಿಯನ್ನರಿಗಾಗಿ ಕಟ್ಟಿದ್ದು. ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯೊಳಗೆ ೧೬೮೦ರಲ್ಲಿ ಪ್ರತಿಷ್ಠೆಯಾದ ಸೇಂಟ್ ಮೇರಿ ದೇವಾಲಯವನ್ನು ಬಲ್ಲವರು ಇದನ್ನು ಅದರ ಕಿರಿಯ ತಂಗಿಯೆಂದು ಭಾವಿಸಬಹುದು. ಇನ್ನೊಂದು, ೧೭೧೮ರಲ್ಲಿ ಪ್ರತಿಷ್ಠೆಯಾದ ಹೊಸ ಜೆರುಸಲೇಮ್ ದೇವಾಲಯ. ಶಿಲುಬೆಯಾಕಾರದ ತಳವಿನ್ಯಾಸದ ಈ ಕಟ್ಟಡದ ಮುಂಭಾಗದಲ್ಲಿ ನಾಲ್ಕನೆಯ ಫ್ರೆಡರಿಕ್ ದೊರೆಯ ಹೆಸರಿನ ಲಾಂಛನವಿದೆ. ಇದು ತಮಿಳು ಕ್ರೈಸ್ತರಿಗಾಗಿ ಕಟ್ಟಿದ್ದು. ಒಂದೇ ಧರ್ಮದವರಿಗೆ ಒಂದೇ ಬೀದಿಯಲ್ಲಿ ಎರಡು ಮಂದಿರಗಳು ಬೇಕಾದುದು ಆ ಕಾಲದ ವಸಾಹತು ಸಮಾಜದ ಸ್ವರೂಪವನ್ನು ಯಾವ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಕೋಟೆಯ ಬಯಲಿನ ಬಳಿ ರಾಜ್ಯಪಾಲರ ಬಂಗಲೆಯಿದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಡೇನಿಷ್ ರಾಜ್ಯಪಾಲರ ನಿವಾಸವಾದ ಇದರಲ್ಲಿ ೧೭೮೬ರಿಂದ ೧೮೦೬ರವರೆಗೆ ಅಧಿಕಾರದಲ್ಲಿದ್ದ ನಾರ್ವೆಯ ಪೀಟರ್ ಆಂಕರ್ ಚಿತ್ರಕಾರನೂ ಆಗಿದ್ದನು. ಅವನು ಬಿಡಿಸಿದ ಜಲವರ್ಣ ಚಿತ್ರಗಳು ಅಂದಿನ ದಕ್ಷಿಣ ಭಾರತವನ್ನು ತಿಳಿಯಲು ನೆರವಾಗುತ್ತವೆ.

ಅಚ್ಚುಮೊಳೆಯ ಊರು

ಇಲ್ಲಿಯವರೆಗೆ ಹೇಳಿದುದೆಲ್ಲ ಕಣ್ಣಿಗೆ ಕಾಣುವ ಕುರುಹುಗಳು. ಆದರೆ ತರಂಗಂಬಾಡಿಗೆ ಜಗತ್ತಿನ ವಿದ್ವಲ್ಲೋಕದಲ್ಲಿ ಸ್ಥಾನ ದೊರಕಿಸಿದುದು ಮೆಣಸಿನ ಉಗ್ರಾಣವೂ ಅಲ್ಲ, ರಾಜಮುದ್ರೆಯ ಬಾಗಿಲೂ ಅಲ್ಲ, ಅಕ್ಷರ.

೧೭೦೬ರ ಜುಲೈ ೯ರಂದು ಬಾರ್ತಲೋಮಿಯಸ್ ಜೀಗೆನ್‌ಬಾಲ್ಗ್ ಮತ್ತು ಹೈನ್ರಿಕ್ ಪ್ಲೂಟ್ಷೌ ಎಂಬ ಇಬ್ಬರು ಜರ್ಮನ್ ತರುಣರು ಇಲ್ಲಿ ಬಂದಿಳಿದರು. ನಾಲ್ಕನೆಯ ಫ್ರೆಡರಿಕ್ ದೊರೆ ಕಳುಹಿಸಿದ ಧರ್ಮಪ್ರಚಾರಕರಿವರು. ಜರ್ಮನಿಯ ಹಾಲೆ ನಗರದ ಭಕ್ತಿಪಂಥದ ವಾತಾವರಣದಿಂದ ಬಂದವರು. ದೇಶಭಾಷೆಯನ್ನು ಕಲಿಯದೆ ಯಾವ ಕೆಲಸವೂ ಸಾಗದೆಂಬುದನ್ನು ಜೀಗೆನ್‌ಬಾಲ್ಗ್ ಅವರು ಬೇಗನೆ ಅರಿತರು. ಜಗಲಿಯ ಮಠದ ಮಕ್ಕಳ ಜತೆ ಕುಳಿತು, ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ ಅವರು ತಮಿಳಿನ ಅಕ್ಷರಗಳನ್ನು ಕಲಿತರು. ಓಲೆಗ್ರಂಥಗಳನ್ನು ಸಂಗ್ರಹಿಸಿ, ನೂರಕ್ಕೂ ಹೆಚ್ಚು ತಮಿಳು ಕೃತಿಗಳ ವಿವರಣಾತ್ಮಕ ಪಟ್ಟಿಯನ್ನು ೧೭೦೮ರಲ್ಲಿ ಸಿದ್ಧಪಡಿಸಿದರು. ಅದೇ ವರ್ಷದ ಕೊನೆಯಲ್ಲಿ ಕೋಟೆಯ ಅಧಿಪತಿ ಹಾಸಿಯಸ್ ಎಂಬವನೊಡನೆ ವಿರಸವುಂಟಾಗಿ ಅವರು ನಾಲ್ಕು ತಿಂಗಳು ಡಾನ್ಸ್‌ಬೋರ್ಗ್ ಕೋಟೆಯಲ್ಲಿ ಸೆರೆಯಲ್ಲಿರಬೇಕಾಯಿತು. ದೊರೆಯ ಬಾವುಟದಡಿಯಲ್ಲಿಯೇ ದೊರೆ ಕಳುಹಿಸಿದವರಿಗೆ ಸೆರೆ! ವ್ಯಾಪಾರಿಗಳ ಹಿತವೂ ಧರ್ಮಪ್ರಚಾರಕರ ಉದ್ದೇಶವೂ ಒಂದೇ ಆಗಿರಲಿಲ್ಲವೆಂಬುದನ್ನು ಈ ಘಟನೆ ತೋರಿಸುತ್ತದೆ.

ಲಂಡನ್ನಿನ ಕ್ರೈಸ್ತ ಜ್ಞಾನಪ್ರಸಾರ ಸಂಘ ಕಳುಹಿಸಿದ ಮುದ್ರಣಯಂತ್ರ ೧೭೧೨ರಲ್ಲಿ ಇಲ್ಲಿಗೆ ತಲಪಿತು. ಅದರೊಡನೆ ಹೊರಟಿದ್ದ ಮುದ್ರಕ ದಾರಿಯಲ್ಲಿಯೇ ತೀರಿಕೊಂಡಿದ್ದನು. ಮರುವರ್ಷ ಹಾಲೆಯಿಂದ ತಮಿಳು ಅಚ್ಚುಮೊಳೆಗಳು ಬಂದವು. ಅವು ಗಾತ್ರದಲ್ಲಿ ದೊಡ್ಡವಾಗಿದ್ದು ಕಾಗದವನ್ನು ವಿಪರೀತವಾಗಿ ಬೇಡುತ್ತಿದ್ದುದರಿಂದ, ಚಿಕ್ಕ ಮೊಳೆಗಳನ್ನು ಸ್ಥಳೀಯವಾಗಿ ಎರಕ ಹೊಯ್ಯಲಾಯಿತು. ನೆರೆಯ ಪೊರೆಯಾರಿನಲ್ಲಿ ಕಾಗದದ ಕಾರ್ಖಾನೆಯನ್ನೂ ಆರಂಭಿಸಲಾಯಿತು. ತಮಿಳಿನ 'ಹೊಸ ಒಡಂಬಡಿಕೆ' ೧೭೧೪-೧೫ರಲ್ಲಿ ಅಚ್ಚಾಯಿತು. ತಮಿಳು ಮುದ್ರಣದ ಆರಂಭ ಇಲ್ಲಿಯೇ ಆಯಿತೆಂದು ಹೇಳುವಂತಿಲ್ಲ. ಪೋರ್ಚುಗೀಸ್ ಪಾದ್ರಿ ಹೆನ್ರಿಕ್ ಹೆನ್ರಿಕೇಸ್ ಅವರ 'ತಂಬಿರಾನ್ ವಣಕ್ಕಂ' ೧೫೭೮ರಲ್ಲಿಯೇ ಕೊಲ್ಲಂನಲ್ಲಿ ಮುದ್ರಿತವಾಗಿತ್ತು. ಆದರೆ ಆ ಪರಂಪರೆ ಮುಂದುವರಿಯಲಿಲ್ಲ. ಮೊಳೆ, ಕಾಗದ, ಶಾಲೆ, ಓದುಗ, ಈ ನಾಲ್ಕನ್ನೂ ಒಂದೆಡೆ ಕೂಡಿಸಿ ಮುದ್ರಣವನ್ನು ನಿಲ್ಲುವಂತೆ ಮಾಡಿದುದು ತರಂಗಂಬಾಡಿಯ ಸಾಧನೆ.

ಜೀಗೆನ್‌ಬಾಲ್ಗ್ ಅವರು ದಕ್ಷಿಣ ಭಾರತದ ದೇವತೆಗಳನ್ನು ಕುರಿತು ೧೭೧೩ರಲ್ಲಿ ಬರೆದು ಕಳುಹಿಸಿದ ವಿಸ್ತಾರವಾದ ಗ್ರಂಥವನ್ನು ಹಾಲೆಯ ಹಿರಿಯರು ಪ್ರಕಟಿಸಲು ಒಪ್ಪಲಿಲ್ಲ. ಅನ್ಯಧರ್ಮವನ್ನು ನಿವಾರಿಸಲು ಹೋದವರು ಅದನ್ನೇ ಯುರೋಪಿನಲ್ಲಿ ಹರಡುವುದು ತರವಲ್ಲವೆಂಬುದು ಅವರ ಅಭಿಪ್ರಾಯ. ಗ್ರಂಥ ಬೆಳಕು ಕಂಡುದು ನೂರೈವತ್ತು ವರ್ಷಗಳ ಮೇಲೆ, ೧೮೬೭ರಲ್ಲಿ, ಮದರಾಸಿನಲ್ಲಿ. ಮತಾಂತರದ ಉದ್ದೇಶದಿಂದ ತೊಡಗಿದ ಕಲಿಕೆ ಆ ಉದ್ದೇಶವನ್ನು ಮೀರಿ ಬೆಳೆದುದಕ್ಕೆ ಇದು ಉದಾಹರಣೆ. ಲೇಖಕರು ೧೭೧೯ರಲ್ಲಿ ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ತಾವೇ ಕಟ್ಟಿಸಿದ ಹೊಸ ಜೆರುಸಲೇಮ್ ದೇವಾಲಯದೊಳಗಿದೆ.

ಮದರಾಸು, ಶ್ರೀರಂಗಪಟ್ಟಣ, ಸೆರಾಂಪುರ

ತರಂಗಂಬಾಡಿಯಿಂದ ಹೊರಟ ಹಾದಿಗಳು ಹಲವು. ಅವುಗಳಲ್ಲಿ ಮೂರು ಕನ್ನಡದ ಓದುಗರಿಗೆ ಮುಖ್ಯವಾದವು.

ಮೊದಲನೆಯದು ಮದರಾಸಿನ ಹಾದಿ. ಈ ಪರಂಪರೆಯ ಫಾಬ್ರೀಸಿಯಸ್ ಅವರು ಮದರಾಸಿನ ವೇಪೇರಿಯಲ್ಲಿ ನೆಲೆಸಿದ್ದರು. ೧೭೬೧ರಲ್ಲಿ ಇಂಗ್ಲಿಷರು ಪುದುಚೇರಿಯನ್ನು ಗೆದ್ದಾಗ ವಶಪಡಿಸಿಕೊಂಡ ಮುದ್ರಣಯಂತ್ರ ಅವರ ಕೈಸೇರಿ, ವೇಪೇರಿಯ ಅಚ್ಚುಕೂಟ ರೂಪುಗೊಂಡಿತು. ಅವರ ತಮಿಳು-ಇಂಗ್ಲಿಷ್ ನಿಘಂಟು ೧೭೭೯ರಲ್ಲಿ ಅಲ್ಲಿಯೇ ಅಚ್ಚಾಯಿತು. ಹೀಗೆ ಮುದ್ರಣದ ನಗರವಾದ ಮದರಾಸಿನಲ್ಲಿಯೇ ಮುಂದೆ ಮೆಕೆರೆಲ್ ಅವರ ಕನ್ನಡ ವ್ಯಾಕರಣ ೧೮೨೦ರಲ್ಲಿ, ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು ೧೮೨೪ರಲ್ಲಿ ಪ್ರಕಟವಾದವು.

ಎರಡನೆಯದು ಶ್ರೀರಂಗಪಟ್ಟಣದ ಹಾದಿ. ೧೭೫೦ರಲ್ಲಿ ತರಂಗಂಬಾಡಿಗೆ ಬಂದ ಶ್ವಾರ್ಟ್ಸ್ ಅವರು ಹಲವು ಭಾಷೆಗಳನ್ನು ಬಲ್ಲವರು, ಪ್ರಾಮಾಣಿಕರೆಂದು ಎಲ್ಲ ಪಕ್ಷಗಳ ನಂಬಿಕೆಗೂ ಪಾತ್ರರಾದವರು. ೧೭೭೯ರಲ್ಲಿ ಮದರಾಸು ಸರ್ಕಾರ ಹೈದರಾಲಿಯ ಬಳಿಗೆ ಸಂಧಾನಕ್ಕಾಗಿ ಇವರನ್ನೇ ಕಳುಹಿಸಿತು. ಸಂಧಾನ ಫಲಿಸದೆ ಮರುವರ್ಷವೇ ಯುದ್ಧ ಮೊದಲಾಯಿತಾದರೂ, ಭಾಷೆಯನ್ನು ಬಲ್ಲವನ ಮಾತಿಗೆ ಸಿಕ್ಕುವ ಗೌರವಕ್ಕೆ ಈ ಭೇಟಿ ಸಾಕ್ಷಿಯಾಗಿ ಉಳಿದಿದೆ.

ಮೂರನೆಯದು ಎಲ್ಲಕ್ಕಿಂತ ದೂರದ್ದು, ಎಲ್ಲಕ್ಕಿಂತ ಹತ್ತಿರದ್ದು. ೧೭೫೫ರಲ್ಲಿ ಡೇನರು ಬಂಗಾಳದ ಹೂಗ್ಲಿ ನದಿಯ ದಂಡೆಯ ಮೇಲೆ ಇನ್ನೊಂದು ಚಿಕ್ಕ ನೆಲೆಯನ್ನು ಪಡೆದರು. ಫ್ರೆಡರಿಕ್ಸ್‌ನಗೋರ್ ಎಂದು ಅವರು ಹೆಸರಿಟ್ಟ ಆ ಊರೇ ಸೆರಾಂಪುರ, ಅಂದರೆ ಶ್ರೀರಾಮಪುರ. ಇಂಗ್ಲಿಷ್ ಕಂಪನಿ ತನ್ನ ಪ್ರದೇಶದಲ್ಲಿ ಧರ್ಮಪ್ರಚಾರಕರಿಗೆ ಎಡೆಕೊಡಲು ಒಪ್ಪದಿದ್ದ ಆ ದಿನಗಳಲ್ಲಿ ವಿಲಿಯಂ ಕೇರಿ ಮತ್ತು ಅವರ ಸಂಗಡಿಗರಿಗೆ ೧೮೦೦ರಲ್ಲಿ ಆಶ್ರಯ ಕೊಟ್ಟವನು ಸೆರಾಂಪುರದ ಡೇನಿಷ್ ಅಧಿಪತಿ ಓಲೆ ಬೀ. ಅಲ್ಲಿ ಸ್ಥಾಪಿತವಾದ ಅಚ್ಚುಕೂಟದಲ್ಲಿ ಪಂಚಾನನ ಕರ್ಮಕಾರರಂಥ ಕುಶಲಿಗಳು ಭಾರತದ ಹಲವು ಲಿಪಿಗಳಿಗೆ ಮೊಳೆ ಕೊರೆಯುವ ಪರಂಪರೆಯನ್ನು ಬೆಳೆಸಿದರು. ೧೮೧೨ರ ಬೆಂಕಿಯಲ್ಲಿ ಕಾಗದ, ಹಸ್ತಪ್ರತಿ, ಮೊಳೆಗಳು ಅಪಾರವಾಗಿ ನಾಶವಾದರೂ, ಉಕ್ಕಿನ ಅಚ್ಚುಗಳು ಉಳಿದುಕೊಂಡುದರಿಂದ ಕೆಲಸ ಮತ್ತೆ ಚಿಗುರಿತು. ೧೮೧೭ರಲ್ಲಿ ಅಲ್ಲಿಂದ ಹೊರಬಂದುದೇ ಕೇರಿಯವರ ಕನ್ನಡ ವ್ಯಾಕರಣ. ಕನ್ನಡ ಮೊಳೆಗಳನ್ನು ಬಳಸಿ ಅಚ್ಚಾದ ಮೊದಲ ಗ್ರಂಥವೆಂದು ಇದನ್ನು ಸಾಮಾನ್ಯವಾಗಿ ಗಣಿಸಲಾಗುತ್ತದೆ.

ಈ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ಲಿಪಿಯ ಸ್ವರೂಪದಿಂದಲೇ ತಿಳಿಯಬಹುದು. ತಮಿಳಿನಲ್ಲಿ ವ್ಯಂಜನದ ಮೇಲೆ ಚುಕ್ಕಿಯಿಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲಿ ಜೋಡಿಸಿದರೆ ಒತ್ತಿನ ಕೆಲಸ ಮುಗಿಯುತ್ತದೆ. ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಕ್ಕಿಳಿಯುತ್ತದೆ; ಗುಣಿತದ ಚಿಹ್ನೆಗಳು ಮೇಲಕ್ಕೂ ಬಲಕ್ಕೂ ಹರಡುತ್ತವೆ; ಮಹಾಪ್ರಾಣಗಳಿಗೆ ಬೇರೆ ರೂಪಗಳು ಬೇಕು. ಮೊಳೆ ಜೋಡಿಸುವವನು ಒಂದು ಅಕ್ಷರಕ್ಕಾಗಿ ಎರಡು ಮೂರು ತುಂಡುಗಳನ್ನು ಹೊಂದಿಸಬೇಕಾಗುತ್ತಿತ್ತು. ಕನ್ನಡ ನಾಡನ್ನು ಕಾಣದ ಬಂಗಾಳದ ಕುಶಲಿಗಳ ನೆರವಿನಿಂದ ಈ ಕೆಲಸ ನಡೆಯಿತೆಂಬುದನ್ನು ನೆನೆಯುವುದು ನಮ್ಮ ಕರ್ತವ್ಯ.

ಡೇನರ ಚಿಕ್ಕ ಊರುಗಳಲ್ಲಿಯೇ ಇದೆಲ್ಲ ಏಕೆ ಸಾಧ್ಯವಾಯಿತು? ದೊಡ್ಡ ರಾಜ್ಯವನ್ನು ಕಟ್ಟುವ ಬಲ ಡೇನರಿಗಿರಲಿಲ್ಲ. ಆಳುವ ಆತಂಕ ಕಡಮೆಯಿದ್ದೆಡೆ ಅಕ್ಷರಕ್ಕೆ ಅವಕಾಶ ಹೆಚ್ಚಿತ್ತೆಂದು ಹೇಳಬಹುದು. ಹಾಸಿಯಸನ ಸೆರೆಮನೆಯನ್ನು ಮರೆಯಬೇಕಾಗಿಲ್ಲ. ಆದರೆ ಓಲೆ ಬೀಯ ಆಶ್ರಯವನ್ನೂ ಮರೆಯಲಾಗದು.

ಮಾರಾಟ ಮತ್ತು ಕಡಲು

ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, ೧೮೦೮ರಿಂದ ೧೮೧೫ರವರೆಗೆ, ತರಂಗಂಬಾಡಿ ಇಂಗ್ಲಿಷರ ವಶದಲ್ಲಿತ್ತು. ಮರಳಿ ಬಂದ ಊರಿನಲ್ಲಿ ಹಿಂದಿನ ವ್ಯಾಪಾರ ಉಳಿದಿರಲಿಲ್ಲ. ೧೮೪೫ರಲ್ಲಿ ಡೆನ್ಮಾರ್ಕಿನ ದೊರೆ ತರಂಗಂಬಾಡಿ ಮತ್ತು ಸೆರಾಂಪುರಗಳನ್ನು ಒಂದೇ ಒಪ್ಪಂದದಲ್ಲಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷ್ ಕಂಪನಿಗೆ ಮಾರಿಬಿಟ್ಟನು. ತಮಿಳು ಮುದ್ರಣ ನೆಲೆಗೊಂಡ ಊರೂ ಕನ್ನಡ ವ್ಯಾಕರಣ ಅಚ್ಚಾದ ಊರೂ ಒಂದೇ ಕ್ರಯಪತ್ರದಲ್ಲಿ ಕೈಬದಲಾದುವು. ೧೮೬೦ರ ದಶಕದ ಆರಂಭದಲ್ಲಿ ನಾಗಪಟ್ಟಣಕ್ಕೆ ರೈಲುಮಾರ್ಗ ಬಂದು ಸರಕು ಸಾಗಾಟ ಅತ್ತ ತಿರುಗಿತು. ತರಂಗಂಬಾಡಿ ಮತ್ತೆ ಮೀನುಗಾರರ ಊರಾಯಿತು.

೨೦೦೪ರ ಡಿಸೆಂಬರ್ ೨೬ರ ಸುನಾಮಿ ಈ ತೀರದ ಮೇಲೆರಗಿ, ಮೀನುಗಾರರ ಕೇರಿಯಲ್ಲಿ ಅಪಾರ ಸಾವುನೋವುಗಳಾದುವು. ಕೋಟೆ ನಿಂತಿತು. ದಂಡೆಯ ಉದ್ದಕ್ಕೂ ಬಂಡೆಗಲ್ಲುಗಳ ತಡೆ ಎದ್ದಿದೆ. ಹಳೆಯ ಮನೆಗಳನ್ನು ದುರಸ್ತಿಮಾಡುವ ಪ್ರಯತ್ನಗಳೂ ಆ ಬಳಿಕ ಚುರುಕಾದುವು. ಸ್ಮಾರಕವೆಂದರೆ ಕೋಟೆ ಮತ್ತು ಬಂಗಲೆಗಳು ಮಾತ್ರವಲ್ಲ. ಅಲೆಯ ಬಾಯಲ್ಲಿರುವ ಪಾಂಡ್ಯರ ಗುಡಿಯೂ, ಬೆಸ್ತರ ಕೇರಿಯ ನೆನಪೂ ಅಷ್ಟೇ ಜತನದಿಂದ ಕಾಪಾಡಬೇಕಾದವು.

ಸಮಾರೋಪ

ಹಾಲೆಯ ಭಕ್ತಿಪಂಥಕ್ಕೆ ಹತ್ತಿರದ ಇನ್ನೊಂದು ಧಾರೆ ಬಾಸೆಲ್ ಮಿಶನ್ ಮೂಲಕ ೧೮೩೪ರಲ್ಲಿ ಮಂಗಳೂರಿಗೆ ಬಂದಿತು. ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ೧೮೪೩ರಲ್ಲಿ, ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಹೊರಬಂದವು. ಆ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸುವ ಹೊಣೆಯನ್ನು ಹೊತ್ತವರು ಪ್ರೊ. ಎಂ. ಮರಿಯಪ್ಪ ಭಟ್ಟರು. ೧೯೬೮ರಿಂದ ಮೊದಲ್ಗೊಂಡು ಅದನ್ನು ಸಂಪುಟಗಳಾಗಿ ಪ್ರಕಟಿಸಿದುದು ಮದರಾಸು ವಿಶ್ವವಿದ್ಯಾನಿಲಯ.

ಕನ್ನಡದ ಕೆಲಸ ಹೀಗೆ ಕನ್ನಡ ನಾಡಿನ ಆಚೆಗೂ ನಿರಂತರವಾಗಿ ನಡೆದುಬಂದಿದೆ. ಹೂಗ್ಲಿಯ ದಂಡೆಯ ಡೇನಿಷ್ ಊರಿನಲ್ಲಿ ವ್ಯಾಕರಣ, ಮದರಾಸಿನಲ್ಲಿ ನಿಘಂಟು. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಎಣಿಸಿ, ಇವುಗಳ ಅಗತ್ಯವೇನೆಂದು ಕೇಳುವವರು ಆಗಾಗ ಎದುರಾಗುತ್ತಾರೆ. ಅಂಥವರು ಒಮ್ಮೆ ತರಂಗಂಬಾಡಿಯ ಅರಸನ ಬೀದಿಯಲ್ಲಿ ನಡೆದು ಬರುವುದು ಒಳಿತು. ಇನ್ನೂರಿಪ್ಪತ್ತೈದು ವರ್ಷಗಳ ವ್ಯಾಪಾರದ ಲಾಭ ನಷ್ಟಗಳು ೧೮೪೫ರ ಕ್ರಯಪತ್ರದೊಡನೆ ಮುಗಿದುಹೋದವು. ಮರಳಿನ ಮೇಲೆ ಮಕ್ಕಳ ಜತೆ ತಿದ್ದಿದ ಅಕ್ಷರಗಳು ಮಾತ್ರ ಯಾವ ಲೆಕ್ಕಕ್ಕೂ ಸೇರದೆ ಇಂದಿಗೂ ಉಳಿದಿವೆ.